ಬಾಯಿಪಾಠ ಇಲ್ಲದ ನಾಟಕಕ್ಕೂ ತಾಲೀಮು ಬೇಕೆ?

ಪ್ರಶ್ನೆ: ಎಡಿನ್‌ಬರೊ ಫ್ರಿಂಜ್ ಉತ್ಸವದಲ್ಲಿ ಪ್ರೇಕ್ಷಕರು ಕೊಟ್ಟ ಹೆಸರು ಹಿಡಿದು ನಿಂತ ನಿಲುವಿನಲ್ಲೇ ಹಾಸ್ಯ ನಾಟಕ ಆಡುತ್ತಾರಂತೆ. ಅದು ನಿಜಕ್ಕೂ ಆಗಲೇ ಹುಟ್ಟಿದ್ದೋ, ಗುಟ್ಟಾಗಿ ಬರೆದಿಟ್ಟುಕೊಂಡದ್ದೋ?

ಉತ್ತರ: ಆಗಲೇ ಹುಟ್ಟಿದ್ದು. ಹಾಗಂತ ಆಡುವವರು ತಯಾರಿಲ್ಲದೆ ಬಂದಿರುತ್ತಾರೆ ಎಂದುಕೊಳ್ಳಬೇಡಿ. ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಗೊಡುವುದನ್ನು ಅವರು ವರ್ಷಗಟ್ಟಲೆ ತಾಲೀಮು ಮಾಡಿರುತ್ತಾರೆ.

‘ಶೋಸ್ಟಾಪರ್’ ತಂಡವನ್ನೇ ನೋಡಿ. 2008ರಿಂದ ಫ್ರಿಂಜ್‌ನಲ್ಲಿ ಆಡುತ್ತಿರುವ ಇವರಿಗೆ 2016ರಲ್ಲಿ ಲಂಡನ್ನಿನ ಆಲಿವಿಯರ್ ಪ್ರಶಸ್ತಿ ಬಂತು. ರಂಗದ ಬದಿಯಲ್ಲಿ ಲೇಖಕನ ಪಾತ್ರಧಾರಿ ಫೋನ್ ಇಟ್ಟುಕೊಂಡಿರುತ್ತಾನೆ. ಫೋನಿನ ಆ ಬದಿಯ ನಿರ್ಮಾಪಕನಿಗೆ ಈಗಿಂದೀಗಲೇ ಹೊಸ ಸಂಗೀತ ನಾಟಕ ಬೇಕಾಗಿದೆ. ಕತೆ ಎಲ್ಲಿ ನಡೆಯಲಿ, ಹೆಸರೇನಿಡೋಣ, ಹಾಡು ಯಾವ ಧಾಟಿಯಲ್ಲಿರಲಿ ಎಂದು ಲೇಖಕ ಸಭೆಯನ್ನೇ ಕೇಳುತ್ತಾನೆ. ಆಟ ಬಿರುಸಾದಾಗ ತಡೆದು ಮತ್ತೆ ಕೇಳುತ್ತಾನೆ. ಬರೆದಿಟ್ಟ ನಾಟಕಕ್ಕೆ ಈ ತಡೆ ತಾಳಿಕೊಳ್ಳಲು ಆಗದು.

ಹಾಡು ಕಟ್ಟುವ ಬಗೆ ನನಗೆ ಎಲ್ಲಕ್ಕಿಂತ ಬೆರಗು. ಇಂಥ ಆಟದಲ್ಲಿ ಪಿಯಾನೊ ಧಾಟಿ ಎತ್ತುತ್ತದೆ. ಹಾಡುವವರು ಸಾಲಿನ ಕೊನೆಯ ಪ್ರಾಸಪದವನ್ನು ಮೊದಲು ಹಿಡಿದುಕೊಂಡು, ಅಲ್ಲಿಗೆ ಮುಟ್ಟುವಂತೆ ಸಾಲು ಹೊಸೆಯುತ್ತಾರೆ. ಪಲ್ಲವಿಯನ್ನು ಮೊದಲ ಸಲ ಒಬ್ಬರೇ ಹಾಡಿದರೆ, ಎರಡನೇ ಸಲ ಹಿಂದಿದ್ದವರೆಲ್ಲ ದನಿಗೂಡಿಸುತ್ತಾರೆ. ಇದು ಮೊದಲೇ ಕಲಿತ ಹಾಡು ಎಂಬ ಅನುಮಾನ ನಮಗೆ ಬರುವುದೇ ಆ ಎರಡನೇ ಸಲ! ದೀಪ ನೋಡಿಕೊಳ್ಳುವವರ ಕೈಯಲ್ಲೂ ಪಠ್ಯ ಇರುವುದಿಲ್ಲ. ಜೋರು ನಗು ಎದ್ದ ಗಳಿಗೆ ನೋಡಿ ಕತ್ತಲು ಮಾಡುವುದು ಅವರ ಸಮಯಪ್ರಜ್ಞೆ.

ಈ ಕಲೆಯ ಬೇರು ವಯೋಲಾ ಸ್ಪೋಲಿನ್ ಶಿಕಾಗೋದಲ್ಲಿ ರೂಪಿಸಿದ ರಂಗದಾಟಗಳಲ್ಲಿದೆ. ಅವರ ಮಗ ಪಾಲ್ ಸಿಲ್ಸ್ ಗೆಳೆಯರೊಂದಿಗೆ 1959ರಲ್ಲಿ ಅಲ್ಲೇ ‘ಸೆಕೆಂಡ್ ಸಿಟಿ’ ತಂಡ ಕಟ್ಟಿದರು. ಲಂಡನ್ನಿನಲ್ಲಿ ಕೀತ್ ಜಾನ್‌ಸ್ಟನ್ ತಮ್ಮದೇ ದಾರಿ ಹುಡುಕಿಕೊಂಡರು. ಇಂದು ಬಹುತೇಕ ತಂಡಗಳು ಕಲಿಸುವ ಮೊದಲ ಪಾಠ: ಎದುರಿನವರು ಕೊಟ್ಟದ್ದನ್ನು ಒಪ್ಪು, ಅದಕ್ಕೊಂದು ಸೇರಿಸು. ಒಬ್ಬಳು “ಡಾಕ್ಟ್ರೇ, ನನ್ನ ನೆರಳು ಕಳೆದುಹೋಗಿದೆ” ಅಂದಳು ಅನ್ನಿ. “ನಾನು ಡಾಕ್ಟರಲ್ಲ” ಅಂದರೆ ದೃಶ್ಯ ಅಲ್ಲೇ ಮುಗಿಯಿತು. “ಈ ವಾರ ನೀವು ನಾಲ್ಕನೆಯವರು. ಒಳಗೆ ಕೆಲವು ಬಿದ್ದಿವೆ, ಹಾಕಿ ನೋಡಿ” ಅಂದರೆ ಕತೆ ಹೊರಟಿತು.

ತಾಳಮದ್ದಳೆ ಕೇಳಿದವರಿಗೆ ಆಶುಮಾತು ಹೊಸದಲ್ಲ. ಆದರೆ ಅಲ್ಲಿ ಎದುರಾಳಿಯನ್ನು ಖಂಡಿಸಿದಷ್ಟೂ ರಸ. ಭಾಗವತರು ಹಾಡುವ ಪದ್ಯ ಕತೆಯನ್ನು ಹಿಡಿದಿಟ್ಟಿರುತ್ತದೆ. ವಾಲಿ ಎಷ್ಟು ವಾದಿಸಿ ಗೆದ್ದರೂ ಸಾಯಲೇಬೇಕು. ಇಲ್ಲಿ ಕತೆಯೇ ಇನ್ನೂ ಹುಟ್ಟಿಲ್ಲ. ಒಪ್ಪದೆ ಹೋದರೆ ಇಬ್ಬರಿಗೂ ನಿಲ್ಲಲು ನೆಲ ಇರುವುದಿಲ್ಲ.

1947ರಲ್ಲಿ ಎಂಟು ತಂಡಗಳು ಕರೆಯದೆಯೇ ಎಡಿನ್‌ಬರೊಗೆ ಬಂದು ಆಡಿದ್ದರಿಂದ ಶುರುವಾದದ್ದು ಈ ಫ್ರಿಂಜ್ ಉತ್ಸವ. ಆಗಸ್ಟಿನಲ್ಲಿ ಒಂದೇ ಕೋಣೆಯಲ್ಲಿ ದಿನವಿಡೀ ಒಂದರ ಹಿಂದೊಂದು ಪ್ರದರ್ಶನ. ನಾಲ್ಕು ಕುರ್ಚಿ ಸಾಕೆನ್ನುವ ಈ ಆಟಕ್ಕೆ ಅದು ಹೇಳಿ ಮಾಡಿಸಿದ ಜಾಗ.

ಅನುಮಾನ ಹೋಗದಿದ್ದರೆ ಒಂದೇ ತಂಡವನ್ನು ಎರಡು ದಿನ ನೋಡಿ. ಒಂದು ದಿನ ಕತೆ ಸೊರಗಬಹುದು, ಅದಕ್ಕೂ ತಯಾರಿರಿ. ಹೆಸರು ಕೇಳಿದಾಗ ಜಾಣತನದ್ದು ಹುಡುಕಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಊರೋ ಕಸುಬೋ ಹೇಳಿ. ನಟರ ಕೈಗೆ ಬೇಗ ಸಿಗುವುದು ಅಂಥದ್ದೇ.