ಬ್ಯಾಂಡಿಗೆ ಮಂದ್ರವೂ ಬೇಕು

ನಮ್ಮ ಬೈಂದೂರು ಕಡೆ ಶಾಲೆಯ ಬ್ಯಾಂಡ್ ಎಂದರೆ ಸೈಡ್ ಡ್ರಮ್, ದೊಡ್ಡ ಡ್ರಮ್, ತಾಳ, ಒಂದಿಷ್ಟು ಕೊಳಲು. ನಾನು ಕಲಿಸುವ ಶಾಲೆಗೆ ಕ್ಲಾರಿನೆಟ್, ಟ್ರಂಪೆಟ್ ತರಿಸುವಷ್ಟರಲ್ಲೇ ಆಡಳಿತ ಮಂಡಳಿಗೆ ಸಾಕಾಗಿತ್ತು. ಬೇಸ್ ಕ್ಲಾರಿನೆಟ್ ಎಂದಾಗ, "ಅಷ್ಟ್ ದುಡ್ಡಿಗೆ ಹೊಸ ಡ್ರಮ್ ಸೆಟ್ಟೇ ಬತ್ತಿಲ್ಯಾ ಮಾಸ್ಟ್ರೆ?" ಎಂದರು ಒಬ್ಬರು. ಹಟ ಬಿಡಲಿಲ್ಲ. ಬೆಂಗಳೂರಿನ ವಾದಕರೊಬ್ಬರಿಂದ ಹಳೆಯದೊಂದು ಸಿಕ್ಕಿತು.

ಹಟಕ್ಕೆ ಕಾರಣವಿತ್ತು. ಮಕ್ಕಳೆಲ್ಲ ಮೇಲಿನ ಸ್ಥಾಯಿಯಲ್ಲೇ ಒಂದೇ ಮಟ್ಟು ನುಡಿಸಿದರೆ, ತಂಬೂರಿಯಿಲ್ಲದೆ ಹಾಡಲು ಕೂತ ಹಾಗೆ ಶ್ರುತಿ ಅಲ್ಲಾಡುತ್ತದೆ. ಬೇಸ್ ಕ್ಲಾರಿನೆಟ್ ಮಾಮೂಲಿ ಕ್ಲಾರಿನೆಟ್‌ಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಬೆರಳಿಡುವ ಕ್ರಮ ಹೆಚ್ಚುಕಡಿಮೆ ಅದೇ. ಹಾಗಾಗಿ ಕ್ಲಾರಿನೆಟ್ ಬಲ್ಲ ಮಗು ಬೇಗ ಹಿಡಿತ ಸಾಧಿಸುತ್ತದೆ. ತುಟಿ ಸ್ವಲ್ಪ ಸಡಿಲ ಬಿಡಬೇಕು, ಉಸಿರು ಜಾಸ್ತಿ ಬೇಕು, ಅಷ್ಟೇ. ನಮ್ಮ ದೇವಸ್ಥಾನ, ಮದುವೆಗಳಲ್ಲಿ ಮೊಳಗುವ ಸ್ಯಾಕ್ಸೊಫೋನನ್ನು ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್, ಅದಕ್ಕೂ ಮೊದಲು, 1838ರಲ್ಲಿ, ಸುಧಾರಿಸಿದ ಬೇಸ್ ಕ್ಲಾರಿನೆಟ್‌ಗೆ ಪೇಟೆಂಟ್ ಪಡೆದಿದ್ದ. ಕದ್ರಿ ಗೋಪಾಲನಾಥರ ನಾಡಿನಲ್ಲಿ ಈ ವಾದ್ಯ ಪರಕೀಯ ಆಗಬೇಕಾಗಿಲ್ಲ.

ಒಂಬತ್ತನೇ ತರಗತಿಯ ಒಬ್ಬಳಿಗೆ ಕೊಟ್ಟೆ. ಎಲ್ಲರಿಗಿಂತ ಚೆನ್ನಾಗಿ ಓದಿ ನುಡಿಸುವವಳು. ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್'ನಲ್ಲಿ (1892) ಸೆಲೆಸ್ಟಾದ ಗೆಜ್ಜೆಯಂಥ ದನಿಗೆ ಕೆಳಗಿನಿಂದ ಬೇಸ್ ಕ್ಲಾರಿನೆಟ್ ಉತ್ತರ ಕೊಡುವ ಜಾಗವನ್ನು ಕೇಳಿಸಿದೆ. "ಸರ್, ಇದು ನಂಗೇ ಬೇಕು" ಎಂದಳು.

ಆಗಸ್ಟ್ 15ರ ಬೆಳಿಗ್ಗೆ ಮೈದಾನದಲ್ಲಿ ಜಿಟಿಜಿಟಿ ಮಳೆ. ಧ್ವಜಾರೋಹಣಕ್ಕೆ ಇನ್ನೇನು ಸಮಯವಾಯಿತು ಎನ್ನುವಾಗ ಅವಳು ಓಡಿಬಂದಳು: ಕೆಳಗಿನ ಸ್ವರ ಒಂದೂ ಬರುತ್ತಿಲ್ಲ. ಊದಿದರೆ ಬರೀ ಗಾಳಿ. ಕೀಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಮೇಲಿನ ಭಾಗದಲ್ಲಿ, ತಾನಾಗಿ ಮುಚ್ಚಿರಬೇಕಾದ ಒಂದು ಕೀಯ ಸ್ಪ್ರಿಂಗ್ ಕೊಕ್ಕೆಯಿಂದ ಜಾರಿ, ಪ್ಯಾಡ್ ಕೂದಲೆಳೆಯಷ್ಟು ತೆರೆದುಕೊಂಡಿತ್ತು. ಮೇಲೆ ಗಾಳಿ ಸೋರಿದರೆ ಕೆಳಗಿನ ಸ್ವರಗಳೆಲ್ಲ ಸತ್ತ ಹಾಗೆ. ಸಣ್ಣ ಸ್ಕ್ರೂಡ್ರೈವರ್ ಶಾಲೆಯಲ್ಲೇ ಉಳಿದಿತ್ತು, ನನ್ನ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಉಸ್ತುವಾರಿಯ ಅಧಿಕಾರಿ ಬಂದು, "ಆ ಪೈಪ್ ಬಿಡಿ, ಹುಡುಗೀನ ಸಾಲಿನಿಂದ ಹೊರಗೆ ಕಳ್ಸಿ, ಯಾರಿಗೂ ಕೇಳ್ಸೂದಿಲ್ಲ ಅದು" ಎಂದು ಎಲ್ಲರೆದುರು ಗದರಿದರು. ಹುಡುಗಿಯ ಕಣ್ಣು ತುಂಬಿತು. ಆದರೂ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ನನ್ನ ಕೈಗಿಟ್ಟಳು. ಅದನ್ನೇ ಕೀಯ ಮೇಲೆ ಎರಡು ಸುತ್ತು ಬಿಗಿದೆ. ಪ್ಯಾಡ್ ಕೂತಿತು. ರಾಷ್ಟ್ರಗೀತೆಯ ಐವತ್ತೆರಡು ಸೆಕೆಂಡೂ ಅವಳು ಹಿಂದಿನ ಸಾಲಿನಲ್ಲಿ ನಿಂತು ಮಂದ್ರ ಹಿಡಿದಳು. ಕ್ಲಾರಿನೆಟ್ ಮಕ್ಕಳ ಶ್ರುತಿ ಆವತ್ತು ಒಂದು ಕಡೆಯೂ ಜಾರಲಿಲ್ಲ.

ಪಥಸಂಚಲನಕ್ಕೆ ಮಾತ್ರ ಆ ಅಧಿಕಾರಿ ಅವಳನ್ನು ಬಿಡಲೇ ಇಲ್ಲ. ಸಾಲು ಚಂದ ಕಾಣುವುದಿಲ್ಲವಂತೆ. ಆ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬೇರೆ ಶಾಲೆಯವರಿಗೆ ಹೇಳುವುದಿಷ್ಟು. ಕ್ಲಾರಿನೆಟ್ ಬಾರದ ಮಗುವನ್ನು ಮೂಲೆಗೆ ಸರಿಸಲು ಈ ವಾದ್ಯ ಕೊಡಬೇಡಿ. ಒಬ್ಬರೇ ನುಡಿಸುವ ಸ್ವರಕ್ಕೆ ಗಟ್ಟಿ ಕಿವಿ ಬೇಕು. ಎರಡು ಭಾಗ ಜೋಡಿಸುವಾಗ ನಡುವಿನ ಕೀ ಬಾಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆಯಿರಿ, ರೀಡ್ ತೆಗೆದು ಒಣಗಿಸಿ, ಒದ್ದೆ ವಾದ್ಯವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಸಮುದ್ರದ ಉಪ್ಪುಗಾಳಿ ಸ್ಪ್ರಿಂಗ್ ತಿನ್ನುತ್ತದೆ. ರಿಪೇರಿಗೆ ಬೆಂಗಳೂರಿಗೇ ಓಡಬೇಕೆಂದಿಲ್ಲ. ಸ್ಯಾಕ್ಸೊಫೋನ್ ನುಡಿಸುವವರನ್ನು ಕೇಳಿ, ಪ್ಯಾಡ್ ಕೂರಿಸಬಲ್ಲವರು ಯಾರೆಂದು ಅವರಿಗೆ ಗೊತ್ತಿರುತ್ತದೆ.

ಮುಂದಿನ ವರ್ಷ ಡ್ರಮ್ಮಿಗೆ ದುಡ್ಡು ತೆಗೆದಿಡುವ ಮಂಡಳಿಗಳು ಒಂದು ಮಂದ್ರ ವಾದ್ಯಕ್ಕೂ ತೆಗೆದಿಡಲಿ. ಅದನ್ನು ನುಡಿಸುವ ಮಗುವನ್ನು ಸಾಲಿನೊಳಗೇ ನಡೆಸಲಿ.