ಒಂಬೈನೂರು ಪೌಂಡಿನ ಅಗ್ಗ

ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಉಳಿಯುವುದು ಮೊಣಕಾಲು ಹೂತುಹೋಗುವ ಕೆಸರು. ಗಂಗೊಳ್ಳಿ ಅಳಿವೆ ನೋಡಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಆದರೆ 900 ಪೌಂಡಿಗೆ 21 ಅಡಿಯ ಹಾಯಿದೋಣಿ, ಅದೂ ಮಲಗಲು ಕ್ಯಾಬಿನ್ ಇರುವಂಥದ್ದು ಎಂದಾಗ ಬುದ್ಧಿ ರಜೆ ಹಾಕಿತು.

ಅದರ ತಳದಡಿ ರೆಕ್ಕೆಯಂತೆ ಕೆಳಗೆ ಚಾಚಿದ ಕಬ್ಬಿಣದ ಕೀಲ್. ತೇಲಲು ಮೂರೂವರೆ ಅಡಿ ನೀರು ಬೇಕು. ಅಷ್ಟು ನೀರು ಸದಾ ಇರುವ ಕಡೆ ಕಟ್ಟಿಹಾಕಲು ವರ್ಷಕ್ಕೆ 1,100 ಪೌಂಡ್. ಚಳಿಗಾಲದಲ್ಲಿ ಕ್ರೇನಿನಿಂದ ಎತ್ತಿ ದಡದಲ್ಲಿಡಲು 600. ತಳದ ಬಣ್ಣ, ವಿಮೆ ಬೇರೆ.

ಜೂನ್‌ನ ಒಂದು ಭಾನುವಾರ ಇಳಿತ ನಮ್ಮನ್ನು ಹಿಡಿಯಿತು. ದೋಣಿ ಮೆಲ್ಲಗೆ ಮಗ್ಗುಲಿಗೆ ಒರಗಿತು, ಚಿತ್ರಾನ್ನದ ಡಬ್ಬಿ ಜಾರಿ ಮುಚ್ಚಳ ಕಳಚಿತು. ಎಂಟು ಗಂಟೆ ಓರೆಯಾಗಿಯೇ ಕೂತೆವು. ಮೊದಲ ಗಂಟೆ ಹೆಂಡತಿ ಮಾತಾಡಲಿಲ್ಲ. ಆಮೇಲೆ, “ಮಾರಾಯ್ರೆ, ಇದನ್ನ ಮಾರಿಬಿಡಿ” ಎಂದಳು. ಮಾರಿದೆ, 300ಕ್ಕೆ.

ಮತ್ತೊಂದು ದೋಣಿ ಹುಡುಕಹೊರಟೆ. ಎರಡು ಕೀಲಿನದು ಕೆಸರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ, ಕಟ್ಟುವ ಬಾಡಿಗೆಯೂ ಕಡಿಮೆ. ಆದರೂ ಬಾಡಿಗೆ ಬಾಡಿಗೆಯೇ. ಡ್ರ್ಯಾಸ್ಕೋಂಬ್ ಲಗ್ಗರ್ ಎಂಬ ದೋಣಿಗೆ ಹತ್ತಿಂಚು ನೀರು ಸಾಕು, ನೋಡಲೂ ಚೆಂದ; ಹಳೆಯದಕ್ಕೂ ಹೇಳಿದ ಬೆಲೆ ಕೇಳಿ ಸುಮ್ಮನಾದೆ. ಕೊನೆಗೆ ಟ್ರೇಲರ್ ಸಮೇತ 1,450ಕ್ಕೆ ಬಂದದ್ದು ಹಳೆಯ ವೇಫೇರರ್. 1957ರಲ್ಲಿ ಇಯಾನ್ ಪ್ರಾಕ್ಟರ್ ವಿನ್ಯಾಸ ಮಾಡಿದ ಈ ದೋಣಿ ಹದಿನಾರು ಅಡಿಗೆ ತುಸು ಕಮ್ಮಿ, ಬರೀ ಒಡಲು 169 ಕಿಲೋ. ತಳದ ಸೀಳಿನಿಂದ ಇಳಿಬಿಡುವ ಹಲಗೆ, ಅಂದರೆ ಸೆಂಟರ್‌ಬೋರ್ಡ್, ಮೇಲೆತ್ತಿದರೆ ಎಂಟಿಂಚು ನೀರಿನಲ್ಲಿ ದಡಕ್ಕೆ ಬರುತ್ತದೆ. ಫ್ರ್ಯಾಂಕ್ ಡೈ ಎಂಬವರು 1963ರಲ್ಲಿ ಇಂಥದ್ದರಲ್ಲೇ ಸ್ಕಾಟ್‌ಲೆಂಡಿನಿಂದ ಐಸ್‌ಲೆಂಡಿಗೆ ಹೋಗಿದ್ದರು. ನನ್ನದೇನಿದ್ದರೂ ಇಲ್ಲೇ ಹತ್ತಿರದ ಮರ್ಸಿ ದ್ವೀಪದ ಮರಳಿನವರೆಗೆ.

ದೋಣಿ ಈಗ ಕಾರಿನ ಪಕ್ಕದಲ್ಲಿ ನಿಲ್ಲುತ್ತದೆ, ಬಾಡಿಗೆಯಿಲ್ಲ. ಖರ್ಚೇ ಇಲ್ಲವೆಂದಲ್ಲ. ಟ್ರೇಲರನ್ನು ಚಕ್ರದವರೆಗೆ ಉಪ್ಪುನೀರಿಗೆ ಇಳಿಸುತ್ತಿದ್ದೆ. ಬೇರಿಂಗ್ ತುಕ್ಕುಹಿಡಿದು ಹೆದ್ದಾರಿಯಲ್ಲೇ ಕಚ್ಚಿಕೊಂಡಿತು, 140 ಪೌಂಡ್ ಹೋಯಿತು. ನೀರಿಗಿಳಿಸಲು ಬೇರೆ ತಳ್ಳುಗಾಡಿ ಇರುತ್ತದೆಂದು ಆಗ ತಿಳಿದದ್ದು. ಇದನ್ನೆಲ್ಲ ಸೇರಿಸಿ, ವಿಮೆ, ಇಳಿಸುವ ಶುಲ್ಕ ಕೂಡಿದರೆ ಹೋದ ವರ್ಷ 410.

ಮಾರುವವರು ಹೇಳದ ಇನ್ನೊಂದು ಸಂಗತಿಯಿದೆ. ದಡಕ್ಕೆ ಎಳೆದಾಗ ಸೆಂಟರ್‌ಬೋರ್ಡಿನ ಸೀಳಿಗೆ ನುರುಜುಗಲ್ಲು ಹೊಕ್ಕು, ಹಲಗೆ ಕೆಳಗಿಳಿಯುವುದೇ ಇಲ್ಲ. ದೋಣಿಯನ್ನು ಮಗ್ಗುಲಿಗೆ ಹೊರಳಿಸಿ ಕೆದಕಬೇಕು. ತೆಳ್ಳಗಿನ ದೋಸೆ ಸಟ್ಟುಗ ಆ ಸೀಳಿಗೆ ಸರಿಯಾಗಿ ಹೋಗುತ್ತದೆ. ಅಡುಗೆಮನೆಗೆ ಬೇರೆ ಸಟ್ಟುಗ ತಂದಾಗಿದೆ, 3 ಪೌಂಡ್.