ಕಡಿಮೆ ಹುಡುಕಾಟದ ಕೀವರ್ಡ್‌ಗಳು: ಸದಸ್ಯರು ಅರಿಯಬೇಕಾದ ಅಂಶಗಳು

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ತೊಗರಿ ಬೇಳೆಯನ್ನಾಗಲಿ ಶಹಾಬಾದ್ ಕಲ್ಲನ್ನಾಗಲಿ ಆನ್‌ಲೈನ್ ಜಾಹೀರಾತಿನ ಮೂಲಕ ಮಾರಲು ಮುಂದಾಗುವ ಸ್ವಸಹಾಯ ಸಂಘಗಳು ಗ್ರಾಮ ಪಂಚಾಯಿತಿ ಸದಸ್ಯರ ಸಲಹೆ ಕೇಳುವುದು ಸಹಜ. ಸಂಘದ ಉಳಿತಾಯದ ಹಣ ಇದರಲ್ಲಿ ತೊಡಗುವುದರಿಂದ ಸದಸ್ಯರಿಗೆ ಈ ವಿಷಯದ ಪ್ರಾಥಮಿಕ ತಿಳಿವಳಿಕೆ ಅವಶ್ಯ.

ಗ್ರಾಹಕರು ಗೂಗಲ್‌ನಲ್ಲಿ ಹುಡುಕಬಹುದೆಂದು ಊಹಿಸಿ ಜಾಹೀರಾತುದಾರರು ಮೊದಲೇ ಆರಿಸಿಕೊಡುವ ಪದ ಅಥವಾ ಪದಗುಚ್ಛವೇ ಕೀವರ್ಡ್. ಅದನ್ನು ಹುಡುಕುವವರು ತೀರ ವಿರಳವಾಗಿದ್ದರೆ ಗೂಗಲ್ ಆಡ್ಸ್ ಅದನ್ನು ‘ಕಡಿಮೆ ಹುಡುಕಾಟ ಪ್ರಮಾಣ’ ಎಂದು ಗುರುತಿಸಿ ನಿಷ್ಕ್ರಿಯವಾಗಿರಿಸುತ್ತದೆ. ಆಗ ಆ ಪದಕ್ಕೆ ಜಾಹೀರಾತು ಕಾಣಿಸುವುದಿಲ್ಲ, ಹಣವೂ ಕಡಿತವಾಗುವುದಿಲ್ಲ. ಹುಡುಕಾಟ ಹೆಚ್ಚಿದರೆ ಅದು ತಾನಾಗಿ ಸಕ್ರಿಯವಾಗುತ್ತದೆ. ಇದು ದಂಡವಲ್ಲ, ಸರಕಿನ ಗುಣಮಟ್ಟದ ಮೇಲಿನ ತೀರ್ಪೂ ಅಲ್ಲ. ಬಿಡ್ ಮೊತ್ತ ಏರಿಸಿದ ಮಾತ್ರಕ್ಕೆ ಈ ಸ್ಥಿತಿ ಬದಲಾಗದು.

ಮಾರುವವರ ಪದವೂ ಕೊಳ್ಳುವವರ ಪದವೂ ಬೇರೆಯಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಇಲ್ಲಿನ ನೆಲಹಾಸು ಕಲ್ಲು ಮಹಾರಾಷ್ಟ್ರದಲ್ಲಿ ‘ಶಹಾಬಾದಿ ಫರ್ಶಿ’ ಎಂದೇ ಪರಿಚಿತ. ಅಲ್ಲಿನ ಗ್ರಾಹಕರು ‘ಸೇಡಂ ತಾಲ್ಲೂಕಿನ ಹಾಸುಗಲ್ಲು’ ಎಂದು ಹುಡುಕುವ ಸಂಭವ ಕಡಿಮೆ. ಅಂತೆಯೇ 2014ರಲ್ಲಿ ಜಿಲ್ಲೆಯ ಹೆಸರು ಕಲಬುರಗಿ ಎಂದಾದರೂ, 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು ‘ಗುಲ್ಬರ್ಗಾ ತೂರ್ ದಾಲ್’ ಎಂಬ ಹೆಸರಿಗೆ. ಎರಡೂ ಹೆಸರುಗಳನ್ನು ಪರಿಶೀಲಿಸುವುದು ಸೂಕ್ತ.

ಅನುಸರಿಸಬೇಕಾದ ಕ್ರಮಗಳು:

1. ಕೀವರ್ಡ್ ಪ್ಲಾನರ್ ಸಾಧನದಲ್ಲಿ ಪ್ರತಿ ಪದದ ಅಂದಾಜು ಹುಡುಕಾಟವನ್ನು ಮೊದಲೇ ನೋಡಬೇಕು.

2. ಅತಿ ಉದ್ದದ ಪದಗುಚ್ಛವನ್ನು ಕಿರಿದುಗೊಳಿಸಬೇಕು. ಆದರೆ ಬರಿಯ ‘ಬೇಳೆ’ ಎಂದರೆ ಅಡುಗೆಯ ವಿಧಾನ ಹುಡುಕುವವರೂ ಕ್ಲಿಕ್ ಮಾಡುತ್ತಾರೆ. ಪ್ರತಿ ಕ್ಲಿಕ್‌ಗೂ ಹಣ ತೆರಬೇಕಾಗುತ್ತದೆ. ಅಡುಗೆಯ ವಿಧಾನವನ್ನು ಸೂಚಿಸುವ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಬೇಕು.

3. ಸರಕಿಗೆ ನಿಖರವಾಗಿ ಹೊಂದುವ ವಿರಳ ಪದವನ್ನು ಅಳಿಸುವ ಅಗತ್ಯವಿಲ್ಲ, ಅದರಿಂದ ಖರ್ಚಿಲ್ಲ. ಆದರೆ ಅದೊಂದನ್ನೇ ನಂಬಿ ಕೂರಬಾರದು.

4. ಜಾಹೀರಾತು ಕಾಣಬೇಕಾದ ಸ್ಥಳವಾಗಿ ಸ್ವಂತ ತಾಲ್ಲೂಕನ್ನಷ್ಟೇ ನಮೂದಿಸದೆ, ಕೊಳ್ಳುವವರಿರುವ ನಗರಗಳನ್ನು ಸೇರಿಸಬೇಕು.

5. ಭೌಗೋಳಿಕ ಸೂಚಕದ ಹೆಸರಿನಲ್ಲಿ ಮಾರುವ ಮುನ್ನ ಅಧಿಕೃತ ಬಳಕೆದಾರರ ನೋಂದಣಿ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಅಭ್ಯಾಸ: ತಮ್ಮ ಗ್ರಾಮದ ಒಂದು ಉತ್ಪನ್ನವನ್ನು ಹೊರಜಿಲ್ಲೆಯ ಗ್ರಾಹಕರು ಯಾವ ಐದು ಹೆಸರುಗಳಿಂದ ಕರೆಯುವರು ಎಂಬುದನ್ನು ವರ್ತಕರಿಂದ ಕೇಳಿ ತಿಳಿದು, ಸದಸ್ಯರು ಮುಂದಿನ ಸಭೆಗೆ ಬರೆದು ತರುವುದು. ಹಣ ತೊಡಗಿಸುವ ಮುನ್ನ ಆಗಬೇಕಾದ ಕೆಲಸ ಇದೇ.